ಎಣಿಕೆ ಆಗಲಿ, ಬರುತ್ತೇನೆ

ಇಪ್ಪತ್ತೆಂಟು ವರ್ಷ ಪತ್ರಿಕೆಗಳಿಗೆ ಸುದ್ದಿ ಬರೆದು ಬದುಕಿದವನು ನಾನು. ದೊಡ್ಡ ಪತ್ರಕರ್ತನೇನಲ್ಲ. ಊರ ಮಟ್ಟದ ಬಾತ್ಮೀದಾರ. ಮೊದಲು ಅಂಚೆಯಲ್ಲಿ, ಆಮೇಲೆ ಫ್ಯಾಕ್ಸಿನಲ್ಲಿ, ಈಗ ಕಿಸೆಯೊಳಗಿನ ಫೋನಿನಲ್ಲಿ ಸುದ್ದಿ ಕಳುಹಿಸುತ್ತ ಬಂದವನು. ಬರೆದುದರಲ್ಲಿ ಸುಳ್ಳು ಬೆರೆಸಿದನೆಂಬ ಅಪವಾದ ಇದುವರೆಗೆ ನನ್ನ ಮೇಲೆ ಬಂದಿಲ್ಲ. ಆದರೂ ಒಂದು ವಿಚಾರ ಕೆಲವು ವರ್ಷಗಳಿಂದ ಮನಸ್ಸನ್ನು ಕೊರೆಯುತ್ತಿದೆ. ಸುಳ್ಳು ಹೇಳದೆಯೂ ಮನುಷ್ಯ ಅಪ್ರಾಮಾಣಿಕನಾಗಿರಬಹುದೇ? ಬರೆದ ಮಾತಿನಲ್ಲಿ ತಪ್ಪಿಲ್ಲ, ಬರೆಯಲು ಆರಿಸಿಕೊಂಡ ದಿನದಲ್ಲಿ ತಪ್ಪಿದೆ ಎಂದಾದರೆ ಅದಕ್ಕೆ ಏನೆನ್ನಬೇಕು? ಈ ಸಂಚಿಕೆಯನ್ನು ಓದುವವರಲ್ಲಿ ಕೆಲವರು ಕನ್ನಡದ ಪುಟ ತೆರೆಯುತ್ತೀರಿ, ಕೆಲವರು ಮಲಯಾಳದ ಪುಟ ತೆರೆಯುತ್ತೀರಿ. ಬೇಸಗೆಯಲ್ಲಿ ಬತ್ತುವ ಹೊಳೆ ಮಾತ್ರ ಎಲ್ಲರಿಗೂ ಒಂದೇ. ಹಾಗಾಗಿ ನಿಮ್ಮೆದುರು ಹೇಳಿಕೊಳ್ಳಬೇಕೆನಿಸಿತು.

2021ರ ಮಾರ್ಚ್ ತಿಂಗಳು. ವಿಧಾನಸಭಾ ಚುನಾವಣೆಯ ಕಾವು ಏರಿತ್ತು. ಉಪ್ಪಳದ ಕಡಲ ಬದಿಯ ಓಣಿಯಲ್ಲಿ ಅಭ್ಯರ್ಥಿಯೊಬ್ಬರ ಮನೆಮನೆ ಭೇಟಿ ನಡೆಯುತ್ತಿತ್ತು. ಅವರ ಹಿಂದೆ ಕಾರ್ಯಕರ್ತರು, ಕಾರ್ಯಕರ್ತರ ಹಿಂದೆ ನಾವು ಪತ್ರಿಕೆಯವರು. ಒಬ್ಬ ವಯಸ್ಸಾದ ಹೆಂಗಸು ನನ್ನನ್ನು ಬದಿಗೆ ಕರೆದರು. ಗಂಡ ದೋಣಿಗೆ ಹೋಗುತ್ತಿದ್ದವರು, ತೀರಿಕೊಂಡು ಬಹಳ ಕಾಲವಾಗಿತ್ತು. ತುಳುವಿನಲ್ಲಿ ಹೇಳಿದರು: "ಪೇಪರಿನವರೇ, ನಾನು ಮದುವೆಯಾಗಿ ಈ ಮನೆಗೆ ಬರುವಾಗ ಮನೆಗೂ ಕಡಲಿಗೂ ನಡುವೆ ಏಳು ಸಾಲು ತೆಂಗು ಇತ್ತು. ಈಗ ಎರಡೇ ಉಳಿದದ್ದು. ಇದನ್ನೊಂದು ಹಾಕಿ."

ಅಭ್ಯರ್ಥಿ ಆಗಲೇ ನಾಲ್ಕು ಮನೆ ದಾಟಿದ್ದರು. ನೋಟು ಪುಸ್ತಕ ಕಿಸೆಯಲ್ಲೇ ಇತ್ತು, ತೆಗೆಯಲಿಲ್ಲ. "ಓಟಿನ ಎಣಿಕೆ ಆಗಲಿ ಅಮ್ಮ, ಬರುತ್ತೇನೆ" ಎಂದೆ. ಮೋಸ ಮಾಡಬೇಕೆಂದು ಹೇಳಿದ್ದಲ್ಲ. ನಿಜವಾಗಿಯೂ ಬರಬೇಕೆಂದೇ ಇದ್ದೆ.

ಎಪ್ರಿಲ್ 6ಕ್ಕೆ ಮತದಾನವಾಯಿತು. ಮೇ 2ಕ್ಕೆ ಎಣಿಕೆ. ಮಂಜೇಶ್ವರದಲ್ಲಿ ಎ.ಕೆ.ಎಂ. ಅಶ್ರಫ್ 745 ಮತಗಳಿಂದ ಗೆದ್ದರು. ಅಂದು ಸುತ್ತಿನಿಂದ ಸುತ್ತಿಗೆ ಬದಲಾಗುತ್ತಿದ್ದ ಅಂತರವನ್ನು ನಾನು ಎಷ್ಟು ಸಲ ಕಳುಹಿಸಿದೆನೋ ಲೆಕ್ಕವಿಲ್ಲ. ಮೇ 8ರಿಂದ ಕೋವಿಡಿನ ಲಾಕ್‌ಡೌನ್ ಬಂತು. ತಿಂಗಳ ನಡುವೆ ತೌಕ್ತೆ ಚಂಡಮಾರುತ ಕರಾವಳಿಯುದ್ದಕ್ಕೂ ಏರಿ ಬಂತು. ಮುಸೋಡಿಯಲ್ಲಿ ಎರಡು ಅಂತಸ್ತಿನ ಕಟ್ಟಡವೊಂದು ಕಡಲಿಗೆ ಕುಸಿದು ಬೀಳುವ ದೃಶ್ಯವನ್ನು ಊರೂರಿನ ಜನ ಫೋನಿನಲ್ಲಿ ನೋಡಿದರು. ಆಗ ಸುದ್ದಿಯಾಯಿತು. ನಾನೂ ಬರೆದೆ, ಮುಖಪುಟದಲ್ಲೇ ಬಂತು.

ಆ ಹೆಂಗಸಿನ ಮನೆಗೆ ಹೋದದ್ದು ಆಮೇಲೆ. ಅವರ ಮನೆ ಪೂರ್ತಿ ಬಿದ್ದಿರಲಿಲ್ಲ. ಅಡಿಗೆ ಕೋಣೆಯ ಬದಿ ಇರಲಿಲ್ಲ, ತೆಂಗಿನ ಎರಡು ಸಾಲೂ ಇರಲಿಲ್ಲ. ಸಾಮಾನನ್ನು ರಸ್ತೆಯ ಆಚೆಗಿನ ಸಂಬಂಧಿಕರ ಜಗಲಿಗೆ ಸಾಗಿಸಿ ಆಗಿತ್ತು. ನಾನು ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದೆ. ಅವರು ಬೈಯಲಿಲ್ಲ. "ಎಣಿಕೆ ಆಯಿತಾ?" ಎಂದು ಕೇಳಿದರು. ಆಯಿತು ಎಂದೆ. "ಎಷ್ಟು ಓಟಿಗೆ?" 745 ಎಂದೆ. "ಅಷ್ಟೇಯಾ" ಎಂದು ಹೇಳಿ ಒದ್ದೆ ಬಟ್ಟೆ ಹಿಂಡತೊಡಗಿದರು. ಅದರಲ್ಲಿ ಕುಹಕವಿತ್ತೆಂದು ನಾನು ಹೇಳಲಾರೆ. ಕುಹಕವಿದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಅದೇ ಮೇ 24ರಂದು ಹೊಸ ಶಾಸಕರು ತಿರುವನಂತಪುರದಲ್ಲಿ ಕನ್ನಡದಲ್ಲಿ ಪ್ರಮಾಣ ವಚನ ತೆಗೆದುಕೊಂಡರು. ಕನ್ನಡಿಗರಾದ ನಮಗೆ ಅದು ಸಂತೋಷದ ಸುದ್ದಿ. ಬರೆಯುವಾಗ ನನಗೂ ಸಂತೋಷವಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಈ ಕಥೆಯನ್ನು ಮಲಯಾಳ ಪತ್ರಿಕೆಯ ಗೆಳೆಯನೊಬ್ಬನಿಗೆ ಹೇಳಿದೆ. ಎಣಿಕೆ ಕೇಂದ್ರಗಳ ಹೊರಗೆ ಎಷ್ಟೋ ಸಲ ಒಂದೇ ಪೊಟ್ಟಣದ ಬಿರಿಯಾನಿ ಹಂಚಿಕೊಂಡವರು ನಾವು. ಆತ ನಕ್ಕು, "ಮಾಷೇ, ದಿನಪತ್ರಿಕೆ ಎಂದರೆ ದಿನದ ಪತ್ರಿಕೆ. ಕಡಲು ಇವತ್ತು ಅರ್ಧ ಅಡಿ ಬಂತು, ನಾಳೆ ಕಾಲು ಅಡಿ ಬಂತು ಎಂದು ಯಾರು ಹಾಕುತ್ತಾರೆ? ಬಿದ್ದ ದಿನ ಸುದ್ದಿ. ನಿಮ್ಮದು ತಪ್ಪಲ್ಲ" ಎಂದ. ವೃತ್ತಿಯ ಲೆಕ್ಕದಲ್ಲಿ ಅವನ ಮಾತು ಸರಿ. ಚುನಾವಣೆಗೆ ತಾರೀಕು ಇದೆ, ಸಿನೆಮಾ ಬಿಡುಗಡೆಗೆ ತಾರೀಕು ಇದೆ, ಉತ್ಸವಕ್ಕೆ ಮುಹೂರ್ತವಿದೆ. ತಾರೀಕು ಇರುವುದು ಪುಟದಲ್ಲಿ ಜಾಗ ಕಾದಿರಿಸಿಕೊಂಡೇ ಬರುತ್ತದೆ. ಹೊಳೆಗೆ ಉಪ್ಪು ಏರುವುದಕ್ಕೆ, ಸುರಂಗದ ನೀರು ಇಳಿಯುವುದಕ್ಕೆ ತಾರೀಕು ಇಲ್ಲ.

ಆದರೆ ತಾಳಮದ್ದಳೆ ಕೇಳಿ ಬೆಳೆದ ನಮಗೆ ಈ ಸಮಜಾಯಿಷಿ ಸಾಕಾಗುವುದಿಲ್ಲ. ದ್ರೋಣಪರ್ವದ ಆ ಪ್ರಸಂಗ ನೆನಪಿರಬಹುದು. ಸತ್ತದ್ದು ಅಶ್ವತ್ಥಾಮ ಎಂಬ ಆನೆ ಎಂದು ಧರ್ಮರಾಯ ಹೇಳಿಯೇ ಹೇಳುತ್ತಾನೆ. ಆನೆ ಎಂಬ ಮಾತು ಬರುವ ಹೊತ್ತಿಗೆ ಶಂಖನಾದ ಮೊಳಗುತ್ತದೆ. ಧರ್ಮರಾಯನದು ಸುಳ್ಳೋ ಅಲ್ಲವೋ ಎಂದು ಒಳ್ಳೆಯ ಅರ್ಥಧಾರಿಗಳಿಬ್ಬರು ಕೂತರೆ ಬೆಳಗಿನವರೆಗೆ ವಾದ ನಡೆದೀತು. ನನಗೆ ಈಗ ಧರ್ಮರಾಯನಿಗಿಂತ ಶಂಖದ ಬಗ್ಗೆ ಯೋಚನೆ. ಪತ್ರಿಕೆಯವರು ಸುಳ್ಳು ಹೇಳಿದವರಲ್ಲ, ಶಂಖ ಊದಿದವರು. ಮಾರ್ಚಿನಲ್ಲಿ ಆ ಹೆಂಗಸು ಆಡಿದ ಮಾತಿನ ಮೇಲೆ ಊದಿದ ಶಂಖದಲ್ಲಿ ನನ್ನ ಉಸಿರೂ ಇತ್ತು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಆ ಮನೆಯನ್ನು ಕೆಡವಿದ್ದು ಭೂಮಿಯ ಬಿಸಿ ಏರಿದ್ದೇ ಎಂದು ನಾನು ಆಣೆ ಮಾಡಿ ಹೇಳಲಾರೆ. ಅಳಿವೆಯ ಬಾಯಿಗೆ ಹಾಕುವ ಕಲ್ಲುಗಟ್ಟೆ, ಬಂದರಿನ ಕಾಮಗಾರಿ, ಹೊಳೆಯಿಂದ ಎತ್ತಿದ ಮರಳು, ಒಂದು ಕಡೆ ತಡೆಗೋಡೆ ಕಟ್ಟಿದರೆ ಮತ್ತೊಂದು ಕಡೆ ಹೆಚ್ಚುವ ಕೊರೆತ, ಎಲ್ಲವೂ ಕರಾವಳಿಯಲ್ಲಿ ಸೇರಿಕೊಂಡಿವೆ. ಆದರೆ 1982ರಿಂದ 2019ರ ವರೆಗಿನ ಲೆಕ್ಕ ತೆಗೆದ ಪುಣೆಯ ವಿಜ್ಞಾನಿಗಳು, ಆ ಅವಧಿಯ ಉತ್ತರಾರ್ಧದಲ್ಲಿ ಅರಬ್ಬಿ ಸಮುದ್ರದ ಚಂಡಮಾರುತಗಳು ಪೂರ್ವಾರ್ಧಕ್ಕಿಂತ ಶೇಕಡಾ 52ರಷ್ಟು ಹೆಚ್ಚಾಗಿವೆ ಎಂದು 2021ರಲ್ಲಿ ಪ್ರಕಟಿಸಿದರು. ಸಮುದ್ರ ಬಿಸಿಯಾದುದರ ಜತೆ ಅದಕ್ಕೆ ನಂಟಿದೆ ಎಂದೂ ಹೇಳಿದರು. ನಮ್ಮ ಬಾಲ್ಯದಲ್ಲಿ ಚಂಡಮಾರುತವೆಂದರೆ ಬಂಗಾಳ ಕೊಲ್ಲಿಯ, ಆಂಧ್ರ ಒರಿಸ್ಸಾದ ಸಂಗತಿ, ರೇಡಿಯೋದಲ್ಲಿ ಕೇಳುವಂಥದು. ಈಗ ಓಖಿ, ತೌಕ್ತೆ ಎಂದು ಮಕ್ಕಳಿಗೂ ಹೆಸರು ಬಾಯಿಪಾಠ.

ನಿಧಾನವಾಗಿ ಆಗುವುದನ್ನು ಬರೆಯಲು ಬರುವುದಿಲ್ಲ ಎಂಬ ನೆವ ಕಾಸರಗೋಡಿನವರಿಗೆ ಸಲ್ಲುವುದೂ ಇಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ಎರಡು ದಶಕ. ಯಾವ ಒಂದು ದಿನವೂ ಅದು ದೊಡ್ಡ ಸುದ್ದಿಯಾಗಿರಲಿಲ್ಲ. ಜೇನು ಕಡಿಮೆಯಾಯಿತು, ಕರು ವಿಕಾರವಾಗಿ ಹುಟ್ಟಿತು, ಒಂದು ಮನೆಯ ಮಗು ನಡೆಯಲಿಲ್ಲ, ಪಕ್ಕದ ಮನೆಯ ಮಗು ಮಾತಾಡಲಿಲ್ಲ. ಎಣ್ಮಕಜೆಯ ವಾಣಿನಗರದಲ್ಲಿ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳನ್ನು ನೋಡುತ್ತ ಇದು ಸಹಜವಲ್ಲ ಎಂದು ಗುರುತಿಸಿದರು. ಅಲ್ಲಿಯವರೇ ಆದ ಶ್ರೀ ಪಡ್ರೆ ಕೃಷಿಕರಾಗಿದ್ದುಕೊಂಡೇ ಅದನ್ನು ಬರೆದರು, ಮತ್ತೆ ಮತ್ತೆ ಬರೆದರು. ಸಿಂಪಡಣೆ ನಿಂತದ್ದು 2000ದಲ್ಲಿ. ದೇಶದಲ್ಲಿ ಸುಪ್ರೀಂ ಕೋರ್ಟು ತಡೆದದ್ದು 2011ರಲ್ಲಿ. ಸಂತ್ರಸ್ತರಿಗೆ ಮೂರು ತಿಂಗಳೊಳಗೆ 5 ಲಕ್ಷ ರೂಪಾಯಿಯಂತೆ ಕೊಡಿ ಎಂದು ಅದೇ ಕೋರ್ಟು ರಾಜ್ಯ ಸರಕಾರಕ್ಕೆ ಹೇಳಿದ್ದು 2017ರ ಜನವರಿಯಲ್ಲಿ. ತಾರೀಕು ಇಲ್ಲದ ಸಂಗತಿಗೆ ತಾರೀಕು ಸಿಗುವಂತೆ ಮಾಡಿದ್ದು ಬೆಂಗಳೂರಿನ, ದೆಹಲಿಯ ದೊಡ್ಡ ಪತ್ರಕರ್ತರಲ್ಲ. ಇದೇ ಗುಡ್ಡೆಗಳ ನಡುವೆ ಕುಳಿತಿದ್ದವರು.

ಒಂದು ವ್ಯತ್ಯಾಸವಿದೆ, ಅದನ್ನು ಒಪ್ಪಬೇಕು. ಅಲ್ಲಿ ಬೊಟ್ಟು ಮಾಡಿ ತೋರಿಸಲು ಒಂದು ಹೆಲಿಕಾಪ್ಟರಿತ್ತು. ಬಿಸಿಯಾಗುವ ಕಡಲಿನ ವಿಷಯದಲ್ಲಿ ಯಾರನ್ನು ತೋರಿಸುವುದು? ವರದಿಗಾರನಿಗೆ ಒಬ್ಬ ಆರೋಪಿ ಬೇಕು. ಚುನಾವಣೆಗೂ ಬೇಕು. ಸಿನೆಮಾಕ್ಕಂತೂ ಬೇಕೇ ಬೇಕು.

ಸಿನೆಮಾದ ಮಾತು ಬಂದದ್ದರಿಂದ 2018ರ ಆಗಸ್ಟನ್ನು ನೆನೆಯಬೇಕು. ಕೇರಳ ಮುಳುಗಿದ ತಿಂಗಳು ಅದು. ಜೂನ್ ಮೊದಲಿನಿಂದ ಆಗಸ್ಟ್ 19ರ ವರೆಗೆ ರಾಜ್ಯದಲ್ಲಿ ವಾಡಿಕೆಗಿಂತ ಶೇಕಡಾ 42 ಹೆಚ್ಚು ಮಳೆ ಬಿತ್ತು. 400ಕ್ಕೂ ಹೆಚ್ಚು ಜನ ತೀರಿಕೊಂಡರು. ಹದಿನಾಲ್ಕು ಜಿಲ್ಲೆಗಳಲ್ಲಿ ವಾಡಿಕೆಗಿಂತ ಕಡಿಮೆ ಮಳೆ ಬಿದ್ದದ್ದು ಒಂದೇ ಒಂದರಲ್ಲಿ, ನಮ್ಮ ಕಾಸರಗೋಡಿನಲ್ಲಿ. ಶೇಕಡಾ 12 ಕಡಿಮೆ. ಇಡುಕ್ಕಿಯಲ್ಲಿ ವಾಡಿಕೆಯ ಹತ್ತಿರ ಹತ್ತಿರ ಎರಡು ಪಾಲು ಮಳೆ, ಇಲ್ಲಿ ಕೊರತೆ. ಆಗಸ್ಟ್ 24ರಂದು, ತಿರುವೋಣದ ಮುನ್ನಾದಿನ, 'ಸರಕಾರಿ ಹಿ. ಪ್ರಾ. ಶಾಲೆ ಕಾಸರಗೋಡು' ಸಿನೆಮಾ ಬಿಡುಗಡೆಯಾಯಿತು. ಗಡಿಯ ಕನ್ನಡ ಶಾಲೆಯೊಂದು ಮುಚ್ಚುವ ಕಥೆ. ನಾನು ನೋಡಿದೆ, ಕತ್ತಲಲ್ಲಿ ಕಣ್ಣೊರೆಸಿಕೊಂಡೆ. ನಮ್ಮ ಶಾಲೆಯ ಗೋಡೆಯ ಬಣ್ಣವನ್ನು ಪರದೆಯ ಮೇಲೆ ಕಂಡಾಗ ಯಾರಿಗಾದರೂ ಹಾಗಾಗುತ್ತದೆ. ಆ ತಿಂಗಳು ನಾನು ಕಳುಹಿಸಿದ ಸುದ್ದಿಗಳ ಪ್ರತಿ ನನ್ನಲ್ಲಿದೆ. ಸಿನೆಮಾದ ಬಗ್ಗೆ ಮೂರು. ತೆಂಕಣ ಜಿಲ್ಲೆಗಳಿಗೆ ಹೊರಟ ಅಕ್ಕಿ, ಬಟ್ಟೆಯ ಲಾರಿಗಳ ಬಗ್ಗೆ ನಾಲ್ಕು. ಇಲ್ಲಿ ಮಳೆ ಕಡಿಮೆಯಾದ ಬಗ್ಗೆ ಒಂದೂ ಇಲ್ಲ. ನೆರೆಯ ವರ್ಷದಲ್ಲಿ ಬರದ ಮಾತಾಡಿದರೆ ನಾಚಿಕೆಗೇಡು ಎಂದು ಆಗ ಅನಿಸಿತ್ತು.

ಆ ನೆರೆ ಆಮೇಲೆ 2023ರಲ್ಲಿ '2018' ಎಂಬ ಮಲಯಾಳ ಸಿನೆಮಾವಾಯಿತು, ಜನ ಮುಗಿಬಿದ್ದು ನೋಡಿದರು. ದೋಣಿ ಹೊತ್ತು ಬಂದ ಬೆಸ್ತರ ಸಾಹಸ ಅದರಲ್ಲಿದೆ, ಅದು ನಡೆದದ್ದೇ. ಅದಕ್ಕೂ ಒಂದು ವರ್ಷ ಮೊದಲು ನಮ್ಮದೇ ಜಿಲ್ಲೆಯ ನೆಲದಲ್ಲಿ ನಡೆಯುವ 'ನ್ನಾ ತಾನ್ ಕೇಸ್ ಕೊಡ್' ಬಂದಿತ್ತು. ರಸ್ತೆಯ ಹೊಂಡದಿಂದ ತನಗಾದ ಕಷ್ಟಕ್ಕೆ ಹಳೆಯ ಕಳ್ಳನೊಬ್ಬ ಮಂತ್ರಿಯ ಮೇಲೆಯೇ ದಾವೆ ಹೂಡುವ ಕಥೆ. ನಗುತ್ತ ನೋಡಿದೆ. ಹೊಂಡಕ್ಕೆ ಮಂತ್ರಿ ಇದ್ದಾರೆ, ನ್ಯಾಯಾಲಯವಿದೆ. ಇಳಿದ ನೀರಿಗೆ ಎದುರುಕಕ್ಷಿ ಯಾರು ಎಂದು ಮನೆಗೆ ಬರುವ ದಾರಿಯಲ್ಲಿ ಯೋಚಿಸಿದೆ. ಜನಪ್ರಿಯ ಕಲೆ ಹಗುರವೆಂದು ದೂರುವವರ ಪೈಕಿ ನಾನಲ್ಲ. ನೆರೆಯ ಬಗ್ಗೆ ನಾನು ಬರೆದುದನ್ನು ಇಂದು ಯಾರೂ ನೆನಪಿಟ್ಟಿಲ್ಲ, ಸಿನೆಮಾವನ್ನು ನೆನಪಿಟ್ಟಿದ್ದಾರೆ.

ಮತ್ತೊಂದು ಯೋಚನೆ. ಇಲ್ಲಿನ ಹಳೆಯ ಜನಪ್ರಿಯ ಕಲೆಗೆ ಮಳೆಯೇ ಪಂಚಾಂಗವಾಗಿತ್ತು. ಬೇಷ ತಿಂಗಳ ಹತ್ತಕ್ಕೆ, ಅಂದರೆ ಮೇ 24ರ ಸುಮಾರಿಗೆ, ಪತ್ತನಾಜೆ. ಅಂದು ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ನಿಲ್ಲುತ್ತವೆ. ಮಳೆಗೆ ದಾರಿ ಬಿಟ್ಟುಕೊಟ್ಟ ಹಾಗೆ. ಪತ್ತನಾಜೆಗೆ ಹತ್ತು ಹನಿಯಾದರೂ ಬೀಳಬೇಕು ಎಂಬ ಮಾತಿದೆ. ಈಗ ಮಳೆಗಾಲದಲ್ಲೂ ಸಭಾಂಗಣದೊಳಗೆ ಆಟ ನಡೆಯುತ್ತದೆ, ಕಲಾವಿದರಿಗೂ ಹೊಟ್ಟೆ ಇದೆಯಷ್ಟೆ. ಮಳೆಯೂ ತಾರೀಕು ಮರೆತಿದೆ: 2019ರಲ್ಲಿ, 2023ರಲ್ಲಿ ಮುಂಗಾರು ಕೇರಳ ಮುಟ್ಟಿದ್ದು ಜೂನ್ 8ಕ್ಕೆ, 2025ರಲ್ಲಿ ಮೇ 24ಕ್ಕೇ. ಅಡಿಕೆಗೆ ಬೋರ್ಡೋ ಬಿಡಲು ಎರಡು ದಿನ ಬಿಸಿಲು ಎಂದು ಬರುತ್ತದೋ ಎಂದು ಆಕಾಶ ನೋಡಿಕೊಂಡಿರುವ ತೋಟದವರಿಗೆ ಇದನ್ನು ವಿವರಿಸಬೇಕಿಲ್ಲ. ಹವಾಮಾನ ಬದಲಾವಣೆ ಎಂದು ಕನ್ನಡದಲ್ಲಿ ಬರೆಯುತ್ತೇವೆ, ಮಲಯಾಳದಲ್ಲಿ ಕಾಲಾವಸ್ಥಾ ವ್ಯತಿಯಾನಂ ಎನ್ನುತ್ತಾರೆ. ಈ ಒಂದು ವಿಷಯದಲ್ಲಿ ಮಲಯಾಳದ ಮಾತೇ ನನಗೆ ಹಿಡಿಸುತ್ತದೆ. ನಮ್ಮದು ಹವೆಯ ಮಾತು, ಅವರದು ಕಾಲದ ಮಾತು. ನಮ್ಮ ಅಜ್ಜಂದಿರೂ ಹವಾಮಾನ ಎನ್ನುತ್ತಿರಲಿಲ್ಲ. ಕಾಲ ಕೆಟ್ಟಿತು ಎನ್ನುತ್ತಿದ್ದರು.

ಇನ್ನು ನನ್ನ ಮನೆಯ ಸಂಗತಿ. ಬೇರೆಯವರ ತಪ್ಪು ಎತ್ತಿ ಆಡುವವನು ಇದನ್ನು ಬಿಟ್ಟರೆ ಆಗದು.

ನಮ್ಮ ಗುಡ್ಡೆಯ ಬದಿಯಲ್ಲಿ ಅಜ್ಜ ತೋಡಿಸಿದ ಸುರಂಗವಿದೆ, ನಲವತ್ತು ಕೋಲು ಉದ್ದ. ಒಬ್ಬ ಮನುಷ್ಯ ತಲೆ ತಗ್ಗಿಸಿ ಹೋಗುವಷ್ಟು ಜಾಗ. ಒಳಗೆ ಜಂಬಿಟ್ಟಿಗೆಯಿಂದ ಒಸರುವ ನೀರು ಅಡಿಕೆ ಮರದ ದಂಬೆಯಲ್ಲಿ ಹರಿದು ಮಣ್ಣಿನ ಕೆರೆಗೆ ಬೀಳುತ್ತಿತ್ತು. ಪಂಪು ಬೇಡ, ಕರೆಂಟು ಬೇಡ. 2003ರ ಎಪ್ರಿಲಿನಲ್ಲಿ ನೀರು ನೂಲಿನಷ್ಟಾಯಿತು. ತೋಟ ಒಣಗುವುದನ್ನು ನೋಡಲಾರದೆ ನಾನು ಕೊಳವೆ ಬಾವಿ ತೋಡಿಸಿದೆ. ತಮಿಳುನಾಡಿನ ಲಾರಿ ರಾತ್ರಿಯೆಲ್ಲ ಕೊರೆಯಿತು, ನಾನೂರು ಅಡಿಯಲ್ಲಿ ನೀರು ಸಿಕ್ಕಿತು. ನೆರೆಯವರೂ ತೋಡಿಸಿದರು, ಅವರಿಗಿಂತ ಮೊದಲು ನಾನು ತೋಡಿಸಿದ್ದೆ ಎಂಬುದನ್ನು ಹೇಳಬೇಕು. ಎರಡೇ ಬೇಸಗೆಯಲ್ಲಿ ಕೆಳಗಿನ ಮೂರು ಮನೆಗಳ ಸುರಂಗ ಬತ್ತಿದವು. ಕೊಳವೆ ಬಾವಿಯಿಂದಲೇ ಬತ್ತಿದವು ಎಂದು ಯಾರೂ ನನ್ನ ಮುಖಕ್ಕೆ ಹೇಳಲಿಲ್ಲ. ಮಳೆ ಕಡಿಮೆ ಎಂದರು, ಕಾಡು ಕಡಿದದ್ದು ಎಂದರು. ಅದೂ ಸರಿಯೇ. ಅಷ್ಟು ಕಾರಣಗಳ ನಡುವೆ ನನ್ನ ಕಾರಣ ಹಾಯಾಗಿ ಕೂತಿತು.

ಆ ವರ್ಷವೇ ಒಂದು ವಾರ್ಷಿಕ ಸಂಚಿಕೆಗೆ ಸುರಂಗದ ಮಹಿಮೆಯ ಕುರಿತು ಲೇಖನ ಬರೆದೆ. ತೋಡುವವರ ಕಸುಬು, ಗಾಳಿ ಸಾಲುತ್ತದೋ ಎಂದು ನೋಡಲು ಒಳಗೆ ಇಡುವ ದೀಪ, ಎಲ್ಲವನ್ನೂ ವಿವರಿಸಿದ್ದೆ. ಮೆಚ್ಚುಗೆಯ ಪತ್ರಗಳು ಬಂದವು. ಮನೆಯ ಹಿಂದಿನ ಕೊಳವೆ ಬಾವಿಯ ವಿಷಯ ಅದರಲ್ಲಿರಲಿಲ್ಲ. ಒಂದಕ್ಷರ ಸುಳ್ಳಿಲ್ಲದ ಲೇಖನ. ತಂದೆಯವರು ಓದಿದರು, ಏನೂ ಹೇಳಲಿಲ್ಲ. ಆ ವರ್ಷವೂ ಮಳೆಗಾಲಕ್ಕೆ ಮುಂಚೆ ಸುರಂಗದ ಬಾಯಿಯ ಕಸ, ಮಣ್ಣು ತೆಗೆದು ಸರಿಮಾಡಿದರು.

ಇದನ್ನು ಓದುವ ಕನ್ನಡ ಕುಟುಂಬಗಳವರಿಗೆ ಇನ್ನೊಂದು ಮಾತು ಹೇಳಬೇಕು. ಬೇಸರಿಸಬಾರದು. ನಾವು ಎಣಿಕೆಗೆ ಬಹಳ ಬೆಲೆ ಕೊಟ್ಟ ಜನ. 1957ರ ಮೊದಲ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾಯರು ಪಕ್ಷೇತರರಾಗಿ ಅವಿರೋಧವಾಗಿ ಆಯ್ಕೆಯಾದುದನ್ನು ಹಿರಿಯರು ಹೇಳುತ್ತಿದ್ದರು. 2016ರಲ್ಲಿ ಅದೇ ಕ್ಷೇತ್ರದ ಗೆಲುವಿನ ಅಂತರ 89 ಮತ. ಸತ್ತವರ, ಪರದೇಶದಲ್ಲಿದ್ದವರ ಹೆಸರಿನಲ್ಲಿ ಮತ ಬಿದ್ದಿದೆ ಎಂಬ ತಕರಾರು ಹೈಕೋರ್ಟಿಗೆ ಹೋಗಿ, ಅದು ತೀರುವ ಮೊದಲೇ ಗೆದ್ದ ಪಿ.ಬಿ. ಅಬ್ದುಲ್ ರಝಾಕ್ 2018ರಲ್ಲಿ ನಿಧನರಾದರು. ಎಂಬತ್ತೊಂಬತ್ತು ಎಂದರೆ ಒಂದು ಮದುವೆಗೆ ಹೊರಡುವ ಎರಡು ಬಸ್ಸಿನ ಜನ. ಅಂಥ ಕ್ಷೇತ್ರದಲ್ಲಿ ಅಲ್ಪಸಂಖ್ಯಾತರ ಮಾತಿಗೆ ಬೆಲೆ ಬರುತ್ತದೆ, ಅಭ್ಯರ್ಥಿಗಳು ಕನ್ನಡದಲ್ಲಿ ನಮಸ್ಕಾರ ಹೇಳುತ್ತಾರೆ. ನಾವು ಅವರಲ್ಲಿ ಶಾಲೆಯ ಬಗ್ಗೆ, ಕನ್ನಡ ಬಲ್ಲ ಅಧ್ಯಾಪಕರ ಬಗ್ಗೆ, ಕಚೇರಿಯ ಅರ್ಜಿ ನಮೂನೆಯ ಬಗ್ಗೆ ಕೇಳುತ್ತೇವೆ. ಕೇಳಲೇಬೇಕು. ಆದರೆ ಇಷ್ಟು ವರ್ಷಗಳಲ್ಲಿ ನಾನು ವರದಿ ಮಾಡಿದ ಕನ್ನಡಿಗರ ಬೇಡಿಕೆ ಪಟ್ಟಿಗಳಲ್ಲಿ ನೀರಿನ ಮಾತು ಕಂಡ ನೆನಪಿಲ್ಲ. ನೀರು ಭಾಷೆಯ ಪ್ರಶ್ನೆಯಲ್ಲವಲ್ಲ ಎನ್ನಬಹುದು. ಆ ಕಡಲ ಬದಿಯಿಂದ, ಬತ್ತಿದ ಗುಡ್ಡೆಯಿಂದ ಜನ ಎದ್ದು ಮಂಗಳೂರಿಗೋ ಕೊಲ್ಲಿಗೋ ಹೋದ ಮೇಲೆ ಶಾಲೆಗೆ ಅಧ್ಯಾಪಕರು ಸಿಕ್ಕಿ ಏನು ಮಾಡುವುದು? ಈ ಪ್ರಶ್ನೆಯನ್ನು ಅಭ್ಯರ್ಥಿಗಳಿಗೆ ನಾನೂ ಹಾಕಿದವನಲ್ಲ. ಪತ್ರಿಕಾಗೋಷ್ಠಿಯಲ್ಲಿ ಮುಂದಿನ ಸಾಲಿನಲ್ಲೇ ಕೂರುತ್ತಿದ್ದೆ.

2025ರ ಡಿಸೆಂಬರ್ 11ಕ್ಕೆ ಇಲ್ಲಿ ಪಂಚಾಯತು ಚುನಾವಣೆ ನಡೆಯಿತು. ಈ ಸಲ ಮತದಾನಕ್ಕೂ ಮುಂಚೆ ಆ ಓಣಿಗೆ ಹೋದೆ. ಹೆಂಗಸು ಅಲ್ಲಿಲ್ಲ, ಪೂರ್ವಕ್ಕೆ ಮಗಳ ಬಾಡಿಗೆ ಮನೆಗೆ ಹೋಗಿದ್ದಾರೆ ಎಂದರು. ಮನೆಯ ಪಂಚಾಂಗದ ಒಂದು ಮೂಲೆ ಹೊಯಿಗೆಯಲ್ಲಿ ಕಾಣುತ್ತಿತ್ತು. ಆ ಕಡಲ ಬದಿಯ ಬಗ್ಗೆ ಬರೆದು ಕಳುಹಿಸಿದೆ: ಒಂದು ಕಾಲದಲ್ಲಿ ಏಳು ಸಾಲು ತೆಂಗು ಇದ್ದಲ್ಲಿ ಈಗ ನೀರು, ಯಾವ ಅಭ್ಯರ್ಥಿಯ ಕರಪತ್ರದಲ್ಲೂ ಇದರ ಸುದ್ದಿಯಿಲ್ಲ, ಎಂದು. ಒಳಪುಟದಲ್ಲಿ, ಜಾಹೀರಾತಿನ ಕೆಳಗೆ, ಅರ್ಧಕ್ಕೆ ಇಳಿದು ಬಂತು. ಬಂತಲ್ಲ ಎಂದು ಸಮಾಧಾನಪಟ್ಟೆ.

ಎಣಿಕೆಯ ದಿನ ಬೆಳಗ್ಗೆ ಅವರ ಮೊಮ್ಮಗನ ಫೋನಿನಿಂದ ಕರೆ ಬಂತು. ಅಜ್ಜಿಗೆ ಓದಿ ಹೇಳಿದೆ ಎಂದ ಹುಡುಗ, ಫೋನನ್ನು ಅವರ ಕೈಗೆ ಕೊಟ್ಟ.

"ಪೇಪರಿನವರೇ, ಏಳು ಸಾಲು ಅಲ್ಲ. ಎಂಟು. ನಾನು ಅಂದೇ ಹೇಳಿದ್ದೆ, ನೀವು ಬರೆದುಕೊಳ್ಳಲಿಲ್ಲ. ಅದನ್ನೊಂದು ಸರಿ ಮಾಡಿ ಹಾಕಿ."

ತಿದ್ದುಪಡಿಯನ್ನು ಆಗಲೇ ಕಳುಹಿಸಿದೆ. ಅಂದು ಫಲಿತಾಂಶದ ಪುಟಗಳು, ಜಾಗವಿರಲಿಲ್ಲ. ಇನ್ನೂ ಬಂದಿಲ್ಲ.